ಮೊಂಟಾನಾದಲ್ಲಿ ನಮ್ಮ ದಿಮ್ಮಿ ಮನೆ: ಕೆಲಸ ನಡೆದ ಹಾಗೆ ಇಲ್ಲಿ ಬರೆಯುತ್ತೇನೆ

ಸಿರ್ಸಿಕಡೆಯವಳು · ಏಪ್ರಿಲ್

ಎಲ್ಲರಿಗೂ ನಮಸ್ಕಾರ. ದಿಮ್ಮಿ ಮನೆ ಕಟ್ಟಿಸ್ತಿದ್ದೇವೆ ಅಂದಾಗಿನಿಂದ ತುಂಬಾ ಜನ ಫೋಟೊ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಕಳಿಸುವ ಬದಲು ಇಲ್ಲೇ ಹಾಕುತ್ತಾ ಹೋಗುತ್ತೇನೆ.

ನಾವಿರುವುದು ಮೊಂಟಾನಾ ರಾಜ್ಯದ ಪಶ್ಚಿಮಕ್ಕೆ, ಬಿಟರ್‌ರೂಟ್ ಕಣಿವೆಯಲ್ಲಿ. ಮಿಸೂಲಾದಿಂದ ದಕ್ಷಿಣಕ್ಕೆ ಹೊರಟರೆ ಅಲ್ಲಲ್ಲಿ ಮಾಡು (ಛಾವಣಿ) ಇಲ್ಲದ, ಕಿಟಕಿ ಬಾಗಿಲಿಲ್ಲದ ಮರದ ಮನೆಗಳು ಕಾಣುತ್ತವೆ. ಅವು ಅರ್ಧಕ್ಕೆ ನಿಂತ ಮನೆಗಳಲ್ಲ, ದಿಮ್ಮಿ ಕೆಲಸದವರ ಅಂಗಳಗಳು. ಅಲ್ಲಿ ಪೂರ್ತಿ ಗೋಡೆ ಕಟ್ಟಿ, ಪ್ರತಿ ದಿಮ್ಮಿಗೂ ನಂಬರ್ ಹಾಕಿ, ಬಿಚ್ಚಿ, ಲಾರಿಗೆ ಹೇರಿ, ಮಾಲೀಕರ ಜಾಗಕ್ಕೆ ಒಯ್ದು ಮತ್ತೆ ಜೋಡಿಸುತ್ತಾರೆ. ನಮ್ಮದೂ ಹಾಗೇ ಆಗುವುದು.

ಊರಲ್ಲಿ ಮರದ ಮನೆ ಅಂದರೆ ಕಂಬ, ತೊಲೆ, ಜಂತಿ, ಮಧ್ಯೆ ಮಣ್ಣಿನ ಗೋಡೆ. ಇದು ಹಾಗಲ್ಲ. ಮರದ ಕಾಂಡಗಳನ್ನೇ ಒಂದರ ಮೇಲೊಂದು ಅಡ್ಡಡ್ಡ ಮಲಗಿಸಿದರೆ ಅದೇ ಗೋಡೆ. ಒಳಗೂ ಅದೇ ಮರ, ಹೊರಗೂ ಅದೇ ಮರ. ಮಧ್ಯೆ ಇಟ್ಟಿಗೆ ಇಲ್ಲ, ಗಾರೆ ಇಲ್ಲ.

ಫೋಟೊ ಜಾಸ್ತಿ ಇರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಚಂದಕ್ಕೆ ತೆಗೆದದ್ದು ಕಡಿಮೆ. ಸಾಲ ಕೊಟ್ಟ ಬ್ಯಾಂಕು ಕೆಲಸ ಇಷ್ಟಾಗಿದೆ ಅಂತ ನೋಡಿಯೇ ಮುಂದಿನ ಕಂತು ಬಿಡುತ್ತದೆ, ಅದಕ್ಕೆ ಬೇಕು. ವಿಮೆಗೆ ಬೇಕು. ಎಲ್ಲಕ್ಕಿಂತ ಮುಖ್ಯ ಕಾರಣ ಬೇರೆ ಇದೆ: ಈ ಮನೆ ಕಟ್ಟಿ ಮುಗಿಸಿದ ಮೇಲೂ ವರ್ಷಗಟ್ಟಲೆ ಕೆಳಕ್ಕೆ ಇಳಿಯುತ್ತಿರುತ್ತದೆ. ಎಲ್ಲಿ ಎಷ್ಟು ಇಳಿಯಿತು, ಇಳಿಯಲು ಎಲ್ಲಿ ಜಾಗ ಬಿಟ್ಟಿದ್ದೆವು ಅನ್ನುವುದಕ್ಕೆ ಲೆಕ್ಕ ಇರಲೇಬೇಕು. ಅದರ ವಿಷಯ ಮುಂದೆ ಹೇಳುತ್ತೇನೆ.

ಹಾಸನದ ಮೇಸ್ತ್ರಿ

ಒಳ್ಳೇದಾಗಲಿ ಅಕ್ಕ. ಆದರೆ ‘ಮನೆ ಇಳಿಯುತ್ತದೆ’ ಅಂದ್ರೆ ಏನು? ನಮ್ಮಲ್ಲಿ ಮನೆ ಇಳಿದರೆ ಓನರು ನಮ್ಮನ್ನು ಹುಡುಕಿಕೊಂಡು ಬರ್ತಾರೆ. ಗೆದ್ದಲಿನ ಕಥೆ ಏನು, ಅದನ್ನೂ ಹೇಳಿ.

ಪುತ್ತೂರು ಮಾಣಿ

ಫೋಟೊ ಹಾಕಿ ಮಾರಾಯ್ರೆ, ಓದಲಿಕ್ಕೆ ಆಮೇಲೆ ಪುರುಸೊತ್ತು ಮಾಡಿಕೊಳ್ಳುವ.

ಸಿರ್ಸಿಕಡೆಯವಳು

ಮೊದಲು ಮರದ ವಿಷಯ, ಯಾಕೆಂದರೆ ಮೇಸ್ತ್ರಿಯವರ ಎರಡೂ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರು.

ಇಲ್ಲಿ ಗೋಡೆಗೆ ಸಾಮಾನ್ಯವಾಗಿ ಎರಡು ಥರದ ಮರ ಸಿಗುತ್ತದೆ. ಒಂದು ಲಾಡ್ಜ್‌ಪೋಲ್ ಪೈನ್. ನೆಟ್ಟಗೆ, ತೆಳ್ಳಗೆ ಬೆಳೆಯುತ್ತದೆ. ಇಲ್ಲಿಯ ಮೂಲನಿವಾಸಿಗಳು ಟೀಪಿ ಡೇರೆಗೆ ಇದರದ್ದೇ ಗಳ ಹಾಕುತ್ತಿದ್ದರು. 2000ದ ನಂತರದ ವರ್ಷಗಳಲ್ಲಿ ಪೈನ್ ದುಂಬಿ ಲಕ್ಷಾಂತರ ಎಕರೆ ಕಾಡಿನಲ್ಲಿ ಈ ಮರಗಳನ್ನು ಕೊಂದಿತು. ಸತ್ತ ಮರ ನಿಂತಲ್ಲೇ ಒಣಗುತ್ತದೆ. ಅದನ್ನು ಕಡಿದರೆ ಸಿಗುವುದು ಅರ್ಧ ಒಣಗಿದ ದಿಮ್ಮಿ. ಕೊಯ್ದು ನೋಡಿದರೆ ಹೊರಭಾಗದಲ್ಲಿ ನೀಲಿ ಛಾಯೆ ಇರುತ್ತದೆ. ದುಂಬಿಯ ಜೊತೆ ಬರುವ ಶಿಲೀಂಧ್ರದ ಬಣ್ಣ ಅದು. ಮರದ ಗಟ್ಟಿತನ ಅದರಿಂದ ಹೇಳಿಕೊಳ್ಳುವಷ್ಟೇನೂ ಕುಗ್ಗುವುದಿಲ್ಲ. ಕೆಲವರು ಆ ನೀಲಿಗಾಗಿಯೇ ಹುಡುಕಿ ಕೊಳ್ಳುತ್ತಾರೆ!

ಇನ್ನೊಂದು ಎಂಗಲ್‌ಮನ್ ಸ್ಪ್ರೂಸ್. ಬೆಟ್ಟದ ಮೇಲ್ಭಾಗದ್ದು. ದಪ್ಪ ಇರುತ್ತದೆ, ಕೊನೆವರೆಗೂ ಹೆಚ್ಚು ಸಣ್ಣಗಾಗುವುದಿಲ್ಲ. ನಮ್ಮ ಗೋಡೆಗೆ ಇದನ್ನೇ ಆರಿಸಿದ್ದೇವೆ, ಸರಾಸರಿ 14 ಇಂಚು ದಪ್ಪ. ಜಗಲಿ ಕಂಬಗಳಿಗೆ ಒಣ ಲಾಡ್ಜ್‌ಪೋಲ್. ಸ್ಪ್ರೂಸ್ ಹಸಿ ಮರ, ಚಳಿಗಾಲದಲ್ಲಿ ಕಡಿದದ್ದು. ಆಗ ಕಡಿದ ಮರಕ್ಕೆ ಬೂಸ್ಟು ಹಿಡಿಯುವುದು ಕಡಿಮೆ. ನೆಲದ ಮೇಲೆ ಹಿಮ ಇರುವುದರಿಂದ ಎಳೆದು ತರುವಾಗ ಮೈ ತರಚುವುದಿಲ್ಲ.

ಈಗ ಇಳಿಯುವ ವಿಷಯ. ಹಸಿ ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ದಪ್ಪದಲ್ಲಿ ಮಾತ್ರ ಕುಗ್ಗುತ್ತದೆ. ದಿಮ್ಮಿಗಳನ್ನು ಮಲಗಿಸಿ ಗೋಡೆ ಕಟ್ಟಿದಾಗ ಪ್ರತಿ ದಿಮ್ಮಿಯೂ ಚೂರು ಚೂರು ತೆಳುವಾಗಿ, ಭಾರಕ್ಕೆ ಒಂದರ ಮೇಲೊಂದು ಒತ್ತಿಕೊಂಡು ಇಡೀ ಗೋಡೆ ಗಿಡ್ಡವಾಗುತ್ತದೆ. ಕೈಕೆಲಸದ ಹಸಿ ದಿಮ್ಮಿ ಮನೆಗೆ ಇಲ್ಲಿಯವರು ಇಟ್ಟುಕೊಳ್ಳುವ ಲೆಕ್ಕ 100ಕ್ಕೆ 6. ಅಂದರೆ ಅಡಿಗೆ ಮುಕ್ಕಾಲು ಇಂಚು. ನಮ್ಮ ಗೋಡೆ 9 ಅಡಿ. ಅದು ಆರೂವರೆ ಇಂಚಿನವರೆಗೆ ಇಳಿಯಬಹುದು ಅಂತ ಇಟ್ಟುಕೊಂಡೇ ಕಟ್ಟಬೇಕು.

ಗೆದ್ದಲು: ಇಷ್ಟು ಚಳಿಯಲ್ಲಿ ನಮ್ಮೂರಿನ ಥರ ಕಾಟ ಇಲ್ಲ. ಮರ ಕೊರೆಯುವ ಕಟ್ಟಿರುವೆ ಇದೆ. ಅದು ಬರುವುದು ಒದ್ದೆ ಮರಕ್ಕೆ. ಬೋರೇಟ್ ಉಪ್ಪನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತಾರೆ, ಹಸಿ ಮರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ಮಳೆ ಬಿದ್ದರೆ ತೊಳೆದುಹೋಗುತ್ತದೆ. ಹಾಗಾಗಿ ಮೇಲೆ ಬಣ್ಣದ ಎಣ್ಣೆ ಲೇಪ ಬೇಕೇ ಬೇಕು.

ಕೊಲರಾಡೊ ಕನ್ನಡಿಗ

ಇಳಿಯುವ ವಿಷಯ ತಮಾಷೆ ಅಲ್ಲ, ಅನುಭವದಿಂದ ಹೇಳ್ತಿದ್ದೀನಿ. ನಾವು ಕೊಂಡಿದ್ದು ಹಳೇ ದಿಮ್ಮಿ ಮನೆ. ಕಟ್ಟುವಾಗ ಯಾರೋ ಕಿಟಕಿ ಚೌಕಟ್ಟಿನ ಪಟ್ಟಿಯನ್ನು ಚೌಕಟ್ಟಿಗೂ ಹೊಡೆದಿದ್ದರು, ಮೇಲಿನ ದಿಮ್ಮಿಗೂ ಹೊಡೆದಿದ್ದರು. ಗೋಡೆ ಇಳಿಯಲು ನೋಡಿದೆ, ಪಟ್ಟಿ ಬಿಡಲಿಲ್ಲ. ಕಿಟಕಿ ಬಿಗಿದುಕೊಂಡು ತೆರೆಯಲು ಬಾರದು, ಅದರ ಮೇಲಿನ ದಿಮ್ಮಿಗಳ ನಡುವೆ ಬೆರಳು ತೂರುವಷ್ಟು ಸಂದು. ಹಿಂದಿನವರ ಹತ್ತಿರ ಒಂದು ನಕ್ಷೆಯೂ ಇಲ್ಲ, ಫೋಟೊನೂ ಇಲ್ಲ. ಎಲ್ಲಿ ಜಾಗ ಬಿಟ್ಟಿದ್ದಾರೆ ಅಂತ ಗೊತ್ತಾಗದೆ ಪಟ್ಟಿ ಕಿತ್ತು ಕಿತ್ತು ನೋಡಬೇಕಾಯ್ತು. ಅಕ್ಕ, ಮುಚ್ಚುವ ಮುಂಚೆ ಪ್ರತಿಯೊಂದನ್ನೂ ಫೋಟೊ ತೆಗೆಯಿರಿ. ಪಕ್ಕದಲ್ಲಿ ಟೇಪ್ ಹಿಡಿದು ತೆಗೆಯಿರಿ.

ಸಿರ್ಸಿಕಡೆಯವಳು · ಜೂನ್

ಅಂಗಳದಲ್ಲಿ ಕೆಲಸ ಜೋರಾಗಿದೆ. ಈ ಸಲ ಒಂದೇ ಒಂದು ದಿಮ್ಮಿಯನ್ನು ಕೂರಿಸುವುದನ್ನು ಪೂರ್ತಿ ನಿಂತು ನೋಡಿದೆ. ಅದನ್ನು ಬರೆಯದಿದ್ದರೆ ಈ ಫೋಟೊಗಳಿಗೆ ಅರ್ಥವಿಲ್ಲ.

ತೊಗಟೆಯನ್ನು ಎರಡು ಹಿಡಿಯ ಎಳೆಯುವ ಕತ್ತಿಯಿಂದ ಹೆರೆಯುತ್ತಾರೆ. ಬೇಗ ಆಗಬೇಕೆಂದರೆ ನೀರಿನ ಜೋರಿನಲ್ಲೂ ಕೀಳಬಹುದು. ನಾವು ಕತ್ತಿಯದ್ದೇ ಬೇಕು ಅಂದೆವು, ಆ ಉದ್ದುದ್ದ ಗೀರು ಬೆಳಕಿಗೆ ಚಂದ ಕಾಣುತ್ತದೆ. ದುಡ್ಡು ಜಾಸ್ತಿ ಆಯಿತು, ಇರಲಿ.

ದಿಮ್ಮಿಯ ಒಂದು ತುದಿ ದಪ್ಪ, ಇನ್ನೊಂದು ಸಪೂರ ಅಲ್ವಾ? ಒಂದು ಸಾಲಿನಲ್ಲಿ ಬುಡ ಪೂರ್ವಕ್ಕಿದ್ದರೆ ಮುಂದಿನ ಸಾಲಿನಲ್ಲಿ ಪಶ್ಚಿಮಕ್ಕೆ. ಹೀಗೆ ಅದಲು ಬದಲು ಮಾಡಿದರೆ ಗೋಡೆ ಮಟ್ಟವಾಗಿ ಏರುತ್ತದೆ. ಕ್ರೇನಿನಿಂದ ದಿಮ್ಮಿ ಎತ್ತಿ ಗೋಡೆಯ ಮೇಲಿಡುತ್ತಾರೆ. ಯಾವ ಡೊಂಕು ಎತ್ತ ತಿರುಗಬೇಕು ಅಂತ ಕೊಕ್ಕೆಗೋಲು ಹಾಕಿ ಹೊರಳಿಸಿ ನೋಡುತ್ತಾರೆ. ಮೂಲೆಯಲ್ಲಿ ಒರಟಾಗಿ ಒಂದು ಕಚ್ಚು ಹೊಡೆದು ಕೂರಿಸುತ್ತಾರೆ. ಆಗ ಮೇಲಿನ ದಿಮ್ಮಿಗೂ ಕೆಳಗಿನದಕ್ಕೂ ನಡುವೆ ಒಂದು ಕಡೆ ಕಿರಿದು, ಒಂದು ಕಡೆ ಅಗಲ ಸಂದು ಉಳಿಯುತ್ತದೆ.

ಇಲ್ಲಿಂದ ಮುಂದಿನದ್ದೇ ನಿಜವಾದ ಕೈಚಳಕ. ಕೈವಾರದಂಥ ಒಂದು ಸಲಕರಣೆ ಇದೆ, ಎರಡು ಕಾಲು, ಮೇಲೆ ಎರಡು ರಸಮಟ್ಟದ ಗುಳ್ಳೆ. ಸಂದಿನ ಅತಿ ಅಗಲದ ಜಾಗಕ್ಕೆ ಅದನ್ನು ಹೊಂದಿಸಿ ತಿರುಪು ಬಿಗಿಯುತ್ತಾರೆ. ಕೆಳಗಿನ ಕಾಲು ಕೆಳಗಿನ ದಿಮ್ಮಿಯ ಮೈ ಮೇಲೆ ಸವರುತ್ತಾ ಹೋಗುತ್ತದೆ, ಮೇಲಿನ ಕಾಲಿನ ಪೆನ್ಸಿಲ್ಲು ಅದೇ ಏರಿಳಿತವನ್ನು ಮೇಲಿನ ದಿಮ್ಮಿಗೆ ಬರೆಯುತ್ತದೆ. ಎರಡೂ ಗುಳ್ಳೆ ನಡುಮಧ್ಯದಲ್ಲೇ ಇರಬೇಕು. ಕೈ ಚೂರು ವಾಲಿದರೂ ಗೆರೆ ತಪ್ಪು. ಬರೆದವರು ಗೋಡೆಯ ಒಳಬದಿ ಮುಗಿಸಿ ಹೊರಬದಿಗೆ ಬರುವವರೆಗೆ ಯಾರೂ ಅವರನ್ನು ಮಾತಾಡಿಸಲಿಲ್ಲ.

ಗೆರೆ ಮುಗಿದ ಮೇಲೆ ದಿಮ್ಮಿ ಮಗುಚಿ, ಗೆರೆಯ ಮೇಲೆ ಚಾಕುವಿನಿಂದ ಗೀರಿ, ಚೈನ್ ಗರಗಸದಿಂದ ಉದ್ದಕ್ಕೂ ಕಾಲುವೆ ತೆಗೆಯುತ್ತಾರೆ. ಅಂಚು ಮಾತ್ರ ಉಳಿಯಿಂದ. ಕಾಲುವೆಯ ನಡುಭಾಗ ಆಳ, ಎರಡು ಅಂಚು ಮಾತ್ರ ಕೆಳಗಿನ ದಿಮ್ಮಿಗೆ ತಾಗುತ್ತದೆ. ಒಳಗೆ ಕುರಿ ಉಣ್ಣೆ ತುಂಬುತ್ತಾರೆ. ವಾಪಸ್ ತಿರುಗಿಸಿ ಇಳಿಸಿದಾಗ ಮೇಲಿನದು ಕೆಳಗಿನದಕ್ಕೆ ಟೋಪಿ ಹಾಕಿದ ಹಾಗೆ ಕೂರುತ್ತದೆ. ಮಧ್ಯೆ ಕಾಗದ ತೂರಿಸಲು ನೋಡಿದೆ, ಹೋಗಲಿಲ್ಲ.

ಇನ್ನೊಂದು ಗಮನಿಸಿ (ಆರನೇ ಫೋಟೊ): ಪ್ರತಿ ದಿಮ್ಮಿಯ ಬೆನ್ನಿಗೆ ಉದ್ದಕ್ಕೂ ಗರಗಸದಿಂದ ಒಂದು ಸೀಳು ಹಾಕಿದ್ದಾರೆ. ದಪ್ಪ ಮರ ಒಣಗುವಾಗ ಎಲ್ಲಾದರೂ ಬಿರಿಯಲೇಬೇಕು. ನಾವೇ ಸೀಳು ಹಾಕಿಟ್ಟರೆ ಅಲ್ಲೇ ಬಿರಿಯುತ್ತದೆ, ಮೇಲಿನ ದಿಮ್ಮಿಯ ಕಾಲುವೆ ಅದನ್ನು ಮುಚ್ಚಿಕೊಳ್ಳುತ್ತದೆ. ಹೊರಮೈಯಲ್ಲಿ ಮೇಲ್ಮುಖವಾಗಿ ಬಿರಿದರೆ ಮಳೆ ನೀರು ನಿಂತು ಕೊಳೆಯುತ್ತದೆ.

ಹಾಸನದ ಮೇಸ್ತ್ರಿ

ಓದಿ ಖುಷಿಯಾಯ್ತು ಅಕ್ಕ. ನಮ್ಮ ಆಚಾರಿಗಳು ನೋಡಬೇಕು ಇದನ್ನ. ಒಂದು ಡೌಟು. ಗೋಡೆ ಇಳಿಯುತ್ತೆ ಅಂದ್ರಿ. ಒಳಗೆ ಕಂಬ ಇರುತ್ತಲ್ಲ, ಅದು ನಿಂತ ಮರ. ಉದ್ದದಲ್ಲಿ ಕುಗ್ಗಲ್ಲ ಅಂತ ನೀವೇ ಹೇಳಿದ್ದೀರ. ಗೋಡೆ ಕೆಳಗೆ ಬಂದು ಕಂಬ ಅಲ್ಲೇ ನಿಂತರೆ ಮಾಡು ಏನಾಗಬೇಕು?

ಸಿರ್ಸಿಕಡೆಯವಳು

ಮೇಸ್ತ್ರಿಗಳೇ, ಸರಿಯಾದ ಕಡೆಗೇ ಕೈ ಹಾಕಿದಿರಿ. ಕಂಬ ಹಾಗೇ ಬಿಟ್ಟರೆ ಮಾಡಿನ ನಡುಭಾಗ ಗೂನು ಬೆನ್ನಾಗುತ್ತದೆ. ಅದಕ್ಕೆ ಪ್ರತಿ ಕಂಬದ ಬುಡದಲ್ಲಿ ಅಥವಾ ತಲೆಯಲ್ಲಿ ಒಂದು ತಿರುಪಿನ ಜಾಕ್ ಕೂರಿಸುತ್ತಾರೆ. ದಪ್ಪ ಬೋಲ್ಟು, ದೊಡ್ಡ ನಟ್ಟು, ಮೇಲೂ ಕೆಳಗೂ ಕಬ್ಬಿಣದ ಫಲಕ. ಗೋಡೆ ಎಷ್ಟು ಇಳಿಯಿತೋ ಅಷ್ಟೇ ನಟ್ಟು ತಿರುಗಿಸಿ ಕಂಬವನ್ನೂ ಇಳಿಸಬೇಕು. ಸುತ್ತ ಮರದ ಪೆಟ್ಟಿಗೆ ಮಾಡಿ ಮುಚ್ಚುತ್ತಾರೆ, ಆದರೆ ಬಿಚ್ಚಲು ಬರುವ ಹಾಗೆ.

ಇದೇ ಲೆಕ್ಕ ಎಲ್ಲ ಕಡೆಗೂ. 7 ಅಡಿ ಬಾಗಿಲಿನ ಮೇಲೆ 5 ಇಂಚು ಖಾಲಿ ಬಿಟ್ಟು ಮೆತ್ತನೆ ಉಣ್ಣೆ ತುಂಬಿ, ಮುಂದೆ ಒಂದು ಹಲಗೆ. ಆ ಹಲಗೆ ಮೇಲಿನ ದಿಮ್ಮಿಗೆ ಮಾತ್ರ ಅಂಟಿರುತ್ತದೆ, ಚೌಕಟ್ಟಿನ ಮುಂದೆ ಜಾರುತ್ತದೆ. (ಕೊಲರಾಡೊದವರ ಕಿಟಕಿಯಲ್ಲಿ ತಪ್ಪಿದ್ದು ಇದೇ.) ಮೆಟ್ಟಿಲನ್ನು ಮೇಲೆ ಮಾತ್ರ ಬಿಗಿದು ಕೆಳಗೆ ಜಾರಲು ಬಿಡಬೇಕು. ಒಳಗಿನ ಅಡ್ಡಗೋಡೆಗಳ ತಲೆಯ ಮೇಲೂ ಸಂದು. ನೀರಿನ ಪೈಪು ಮಹಡಿಗೆ ಹೋಗುವಲ್ಲಿ ಸುತ್ತು ಬಿಟ್ಟಿರಬೇಕು. ಕಲ್ಲಿನ ಚಿಮಣಿಯಂತೂ ಇಳಿಯುವುದೇ ಇಲ್ಲ, ಮಾಡೇ ಅದರ ಪಕ್ಕದಲ್ಲಿ ಜಾರಿಕೊಂಡು ಬರಬೇಕು.

ರಂಗನತಿಟ್ಟು

ಕಂಬದ ಬುಡದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಲ್ಲ, 1784ರದ್ದು. ಅಲ್ಲೂ ತೇಗದ ಕಂಬಗಳನ್ನು ನೆಲಕ್ಕೆ ತಾಗಿಸಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಅದು ಒದ್ದೆಗೆ, ಗೆದ್ದಲಿಗೆ. ಇಳಿಸುವ ಗೋಜು ಅಲ್ಲಿಲ್ಲ, ಯಾಕಂದ್ರೆ ಭಾರ ಹೊತ್ತಿರೋದು ನಿಂತ ಮರ. ನಮ್ಮ ಕಡೆಯವರು ಮರವನ್ನು ನಿಲ್ಲಿಸಿದರು, ಆ ಕಡೆಯವರು ಮಲಗಿಸಿದರು. ಅಷ್ಟೇ ವ್ಯತ್ಯಾಸ, ಆದ್ರೆ ಎಷ್ಟು ಕೆಲಸ ಜಾಸ್ತಿ ನೋಡಿ!

ಸಿರ್ಸಿಕಡೆಯವಳು

ಮಲಗಿಸಿದ್ದಕ್ಕೆ ಕಾರಣ ಇದೆ ಸರ್. ಚಳಿ ದೇಶ, ನೆಟ್ಟಗಿನ ಸೂಚಿಪರ್ಣಿ ಮರ ಬೇಕಾದಷ್ಟು, ಒಂದು ಕೊಡಲಿ ಇದ್ದರೆ ಮೊಳೆಯೂ ಇಲ್ಲದೆ ಬೆಚ್ಚಗಿನ ಗೋಡೆ ಆಗುತ್ತದೆ. ಅಮೆರಿಕಕ್ಕೆ ಇದನ್ನು ತಂದವರು ಇಂಗ್ಲಿಷರಲ್ಲ. 1638ರಲ್ಲಿ ಡೆಲವೇರ್ ನದಿ ದಡದಲ್ಲಿ ನೆಲೆಸಿದ ಸ್ವೀಡನ್ನಿನ ವಸಾಹತಿನವರು, ಅವರ ಜೊತೆ ಬಂದ ಫಿನ್ನರು.

ಸಿರ್ಸಿಕಡೆಯವಳು · ಆಗಸ್ಟ್

ಜೋಡಣೆ ಆಯಿತು! ಪಾಯ ಮೊದಲೇ ಸಿದ್ಧ ಇತ್ತು. ಇಲ್ಲಿ ಚಳಿಗೆ ನೆಲವೇ ಹೆಪ್ಪುಗಟ್ಟಿ ಉಬ್ಬುತ್ತದೆ, ಅದಕ್ಕೆ ಪಾಯದ ತಳ ಸುಮಾರು 3 ಅಡಿ ಕೆಳಗಿರಬೇಕು. ಮೊದಲ ದಿಮ್ಮಿ ನೆಲದಿಂದ ಒಂದೂವರೆ ಅಡಿಗಿಂತ ಎತ್ತರದಲ್ಲಿದೆ. ಮಾಡಿನಿಂದ ಬೀಳುವ ನೀರು ನೆಲಕ್ಕೆ ಬಡಿದು ಗೋಡೆಗೆ ಎರಚುತ್ತದಲ್ಲ, ಅದು ತಾಗಬಾರದು ಅಂತ. ಅದೇ ಕಾರಣಕ್ಕೆ ಸೂರನ್ನು 4 ಅಡಿ ಹೊರಗೆ ಚಾಚಿದ್ದೇವೆ. ಈ ವಿಷಯದಲ್ಲಿ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಲಾರಿಯಿಂದ ದಿಮ್ಮಿ ಇಳಿಸುವಾಗ ನಂಬರ್ ಚೀಟಿಗಳು ಎಷ್ಟು ಮುಖ್ಯ ಅಂತ ಗೊತ್ತಾಯಿತು. ‘ಉ 4’ ಅಂದರೆ ಉತ್ತರ ಗೋಡೆಯ ನಾಲ್ಕನೆಯದು. (ಚೀಟಿಯಲ್ಲಿ ಇಂಗ್ಲಿಷ್ ಇದೆ, ನನ್ನ ಫೋಟೊ ಕಡತಗಳಲ್ಲಿ ಕನ್ನಡ.) ಕೆಲಸದವರಲ್ಲಿ ಹಿರಿಯರೊಬ್ಬರು ಚೀಟಿ ನೋಡುವುದೇ ಇಲ್ಲ, ತುದಿಯ ಗಂಟು ನೋಡಿ ಇದು ಪಶ್ಚಿಮದ್ದು ಅನ್ನುತ್ತಾರೆ. ಸರಿಯಾಗೇ ಇರುತ್ತದೆ.

ಫೋಟೊ ಇಡುವ ಕ್ರಮ ಕೇಳಿದವರಿಗೆ: ಗೋಡೆಗೊಂದು ಕಡತ. ನಾಲ್ಕೂ ಮೂಲೆಯಲ್ಲಿ ನೆಲಕ್ಕೆ ಗೂಟ ಹೊಡೆದು ಅಲ್ಲೇ ನಿಂತು ತೆಗೆಯುತ್ತೇನೆ, ಹಾಗಾಗಿ ಹಳೆಯದು ಹೊಸದು ಪಕ್ಕ ಪಕ್ಕ ಇಟ್ಟು ಹೋಲಿಸಬಹುದು. ಒಳಗೆ ಪ್ರತಿ ಮೂಲೆಯಲ್ಲಿ ಒಂದು ಉಕ್ಕಿನ ಅಳತೆಪಟ್ಟಿಯನ್ನು ಮೇಲಿನ ದಿಮ್ಮಿಗೆ ಮಾತ್ರ ತಿರುಪು ಹಾಕಿ ತೂಗುಬಿಟ್ಟಿದ್ದೇವೆ. ಅದರ ಕೆಳತುದಿ ಮೊದಲ ದಿಮ್ಮಿಯ ಮೇಲಿನ ಒಂದು ಗುರುತಿನ ಮುಂದೆ ಜಾರುತ್ತದೆ. ಗುರುತಿನ ಎದುರು ಕಾಣುವ ಸಂಖ್ಯೆಯೇ ಗೋಡೆ ಇಳಿದ ಲೆಕ್ಕ. ಪಕ್ಕದಲ್ಲಿ ತೇವ ಅಳೆಯುವ ಮೀಟರ್ ಚುಚ್ಚಿ ಅದನ್ನೂ ಬರೆದಿಡುತ್ತೇನೆ.

ಬೆಂಗಳೂರು ಎಲೆಕ್ಟ್ರಿಷಿಯನ್

ಮೇಡಂ, ವೈರಿಂಗ್ ಎಲ್ಲಿ? ಗೋಡೆ ಕೊರೆಯೋ ಹಾಗಿಲ್ಲ, ಕೇಸಿಂಗ್ ಪಟ್ಟಿಯೂ ಕಾಣ್ತಿಲ್ಲ.

ಸಿರ್ಸಿಕಡೆಯವಳು

ದಿಮ್ಮಿ ಏರಿಸುವಾಗಲೇ ಪ್ರತಿಯೊಂದರಲ್ಲೂ ಮೇಲಿಂದ ಕೆಳಕ್ಕೆ ತೂತು ಕೊರೆದಿರುತ್ತಾರೆ. ಎಲ್ಲ ಕೂತ ಮೇಲೆ ತೂತುಗಳು ಒಂದೇ ಸಾಲಿಗೆ ಬರುತ್ತವೆ. ನೆಲದ ಕೆಳಗಿನಿಂದ ವೈರ್ ಎಳೆದು ಸ್ವಿಚ್ಚಿನ ಜಾಗದಲ್ಲಿ ಹೊರಗೆ ತೆಗೆಯುತ್ತಾರೆ. ಅಂದರೆ ಸ್ವಿಚ್ಚು ಎಲ್ಲಿ ಬೇಕು ಅಂತ ಮರ ಕೆತ್ತುವ ಮೊದಲೇ ತೀರ್ಮಾನ ಆಗಿರಬೇಕು. ಪೂಜೆ ಗೂಡಿಗೆ ಒಂದು ಪಾಯಿಂಟು, ಮಿಕ್ಸಿಗೆ ಒಂದು, ಗ್ರೈಂಡರಿಗೆ ಒಂದು ಅಂತ ನಕ್ಷೆಯಲ್ಲಿ ಹಾಕಿಸಿದಾಗ ನಕ್ಷೆಯವರು ಎರಡು ಸಲ ಕೇಳಿದರು.

ಕುಲ್ಲೂ ಕನ್ನಡಿಗ

ನಾನಿರೋದು ಹಿಮಾಚಲದಲ್ಲಿ. ಇಲ್ಲಿ ಕಾಠ್‌ಕುಣಿ ಅಂತ ಒಂದು ಪದ್ಧತಿ ಇದೆ. ದೇವದಾರು ತೊಲೆ ಒಂದು ಸಾಲು, ಗಾರೆ ಇಲ್ಲದ ಕಲ್ಲು ಒಂದು ಸಾಲು. ಮೂಲೆಯಲ್ಲಿ ತೊಲೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ನಿಮ್ಮ ಫೋಟೊದ ಹಾಗೇ. ನಗ್ಗರ್ ಕೋಟೆ ಇದೇ ಥರದ್ದು, 1905ರ ಕಾಂಗ್ರಾ ಭೂಕಂಪದಲ್ಲೂ ನಿಂತಿತು. ಅಲುಗಿದರೆ ಕೀಲುಗಳು ಚೂರು ಆಡುತ್ತವೆ, ಮುರಿಯುವುದಿಲ್ಲ.

ಸಿರ್ಸಿಕಡೆಯವಳು

ನಮ್ಮ ಹತ್ತಿರದಲ್ಲೂ ಅಂಥದ್ದೇ ಸಾಕ್ಷಿ ಇದೆ. ಯೆಲ್ಲೊಸ್ಟೋನ್‌ನ ಓಲ್ಡ್ ಫೇತ್‌ಫುಲ್ ಇನ್, 1904ರಲ್ಲಿ ತೆರೆದ ಲಾಡ್ಜ್‌ಪೋಲ್ ದಿಮ್ಮಿಗಳ ದೊಡ್ಡ ಹೋಟೆಲು, ರಾಬರ್ಟ್ ರೀಮರ್ ವಿನ್ಯಾಸ. 1959ರ ಹೆಬ್ಗೆನ್ ಲೇಕ್ ಭೂಕಂಪದಲ್ಲಿ ಮರದ ಕಟ್ಟಡ ನಿಂತಿತು, ಊಟದ ಮನೆಯ ಕಲ್ಲಿನ ಚಿಮಣಿ ಬಿತ್ತು. ಅಲ್ಲಿ ಒಳಗಿನ ದಿಮ್ಮಿಗಳಿಗೆ ಮೊದಲು ತೊಗಟೆ ಹಾಗೇ ಇತ್ತಂತೆ, 1940ರಲ್ಲಿ ತೆಗೆಸಿದರು.

ಟೊರಾಂಟೊ ಇಂಜಿನಿಯರ್

ಎಲ್ಲ ಚೆನ್ನಾಗಿದೆ, ಆದರೆ ಚಳಿ ತಡೆಯುವ ಲೆಕ್ಕದಲ್ಲಿ ಇದು ದುಬಾರಿ ಹಳೇ ಗೀಳು ಅಂತ ನನ್ನ ಅಭಿಪ್ರಾಯ. ಮೆದು ಮರದ ಆರ್ ಮೌಲ್ಯ (ಬಿಸಿ ಹೊರಹೋಗದಂತೆ ತಡೆಯುವ ಶಕ್ತಿಯ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು) ಇಂಚಿಗೆ ಸುಮಾರು ಒಂದೂಕಾಲು. ದಿಮ್ಮಿ ದುಂಡಗಿರುವುದರಿಂದ 14 ಇಂಚು ಅಂದರೂ ಸರಾಸರಿ ದಪ್ಪ ಇನ್ನೂ ಕಡಿಮೆ. 15ರ ಹತ್ತಿರ ನಿಲ್ಲುತ್ತದೆ. ಆರಿಂಚು ಚೌಕಟ್ಟಿನ ಸಾಮಾನ್ಯ ಗೋಡೆಗೆ ತುಂಬುವ ನಾರಿನ ಹಾಸೇ 19ರಿಂದ 21.

ಸಿರ್ಸಿಕಡೆಯವಳು

ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಕಾಗದದಲ್ಲಿ ದಿಮ್ಮಿ ಗೋಡೆ ಸೋಲುತ್ತದೆ. ಭಾರದ ಮರ ಬಿಸಿಯನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ, ಅದಕ್ಕೆ ದಿಮ್ಮಿ ಕಟ್ಟಡಗಳ ಐಸಿಸಿ-400 ಮಾನದಂಡದಲ್ಲಿ ಬೇರೆ ಲೆಕ್ಕ ಇದೆ. ಆದರೂ ಅದೊಂದನ್ನೇ ಹೇಳಿ ನುಣುಚಿಕೊಳ್ಳುವುದಿಲ್ಲ. ನಾವು ಮಾಡಿಗೆ ಜಾಸ್ತಿ ನಿರೋಧಕ ಹಾಕಿದ್ದೇವೆ. ಇನ್ನು ಗಾಳಿ ಸೋರಿಕೆ. ಬಾಗಿಲಿಗೆ ಫ್ಯಾನ್ ಕೂರಿಸಿ ಮನೆಯೊಳಗಿನ ಗಾಳಿ ಎಳೆದು ಪರೀಕ್ಷೆ ಮಾಡಿಸಿದಾಗ ಗೋಡೆಯ ಉದ್ದ ಸಂದುಗಳಲ್ಲಿ ಏನೂ ಸಿಗಲಿಲ್ಲ. ಸೋರಿದ್ದು ಮೂಲೆಯ ಕಚ್ಚುಗಳಲ್ಲಿ, ಮತ್ತೆ ಗೋಡೆ ಮಾಡಿಗೆ ಸೇರುವಲ್ಲಿ. ಊದುಬತ್ತಿ ಹಿಡಿದು ಒಂದೊಂದೇ ಹುಡುಕಿ ಟೇಪಿನಿಂದ ಗುರುತು ಹಾಕಿದೆ, ಫೋಟೊ ಇದೆ.

ಕಡಿಮೆ ಖರ್ಚಿನ ಬೆಚ್ಚನೆ ಮನೆ ಬೇಕೆಂದವರು ಇದನ್ನು ಕಟ್ಟಬಾರದು. ನಮಗೆ ಬೇಕಾಗಿದ್ದು ಈ ಗೋಡೆ.

ಪುತ್ತೂರು ಮಾಣಿ

ಊದುಬತ್ತಿ ಇಂಜಿನಿಯರಿಂಗಿಗೆ ನನ್ನದೊಂದು ಲೈಕ್. ಅಲ್ಲ ಅಕ್ಕ, ಬೆಂಕಿ ಬಿದ್ದರೆ? ಆ ಕಡೆ ಕಾಡ್ಗಿಚ್ಚು ಜಾಸ್ತಿ ಅಲ್ವಾ?

ಸಿರ್ಸಿಕಡೆಯವಳು

ಹೌದು. 2000ದಲ್ಲಿ ಇದೇ ಕಣಿವೆಯ ಸುತ್ತ 3 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತ್ತು. ವಿಮೆಯವರು ಮೊದಲು ಕೇಳುವುದೇ ಇದನ್ನು.

ದಪ್ಪ ದಿಮ್ಮಿಗೆ ಕಡ್ಡಿಗೆ ಹತ್ತಿದ ಹಾಗೆ ಬೆಂಕಿ ಹತ್ತುವುದಿಲ್ಲ. ಹೊರಮೈ ಕರಕಲಾಗಿ ಒಳಭಾಗವನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಗಂಟೆಗೆ ಸುಮಾರು ಒಂದೂವರೆ ಇಂಚು ಸುಡುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಮನೆಗಳು ಹೋಗುವುದು ಹೆಚ್ಚಾಗಿ ಹಾರಿ ಬರುವ ಕೆಂಡದಿಂದ. ಅದು ಮಾಡಿನ ಮೇಲಿನ ಎಲೆಗೆ, ಗಾಳಿಕಿಂಡಿಯ ಒಳಗೆ, ಜಗಲಿ ಕೆಳಗಿನ ಕಸಕ್ಕೆ ಬೀಳುತ್ತದೆ. ಅದಕ್ಕೆ ಮಾಡಿಗೆ ಲೋಹದ ಶೀಟು, ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಗೋಡೆಯಿಂದ 5 ಅಡಿ ದೂರದವರೆಗೆ ಬರೀ ಜಲ್ಲಿ. ಆ 5 ಅಡಿಯಲ್ಲಿ ತುಳಸಿ ಕಟ್ಟೆಗೂ ಜಾಗ ಇಲ್ಲ, ಅಮ್ಮನಿಗೆ ಬೇಜಾರು. ಸೌದೆ ರಾಶಿಯನ್ನೂ ದೂರ ಒಟ್ಟಿದ್ದೇವೆ.

ತುಂಗಾ ತೀರ

ನಾನು ತೀರ್ಥಹಳ್ಳಿ ಕಡೆಯವನು. ಇದೆಲ್ಲ ಓದಿ ಆಸೆ ಹುಟ್ಟಿದೆ. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ನೆಟ್ಟಗಿದೆ. ಸಣ್ಣದೊಂದು ದಿಮ್ಮಿ ಮನೆ, ಹೋಂಸ್ಟೇಗೆ. ಆಗ್ತದಾ?

ಹಾಸನದ ಮೇಸ್ತ್ರಿ

ಬೇಡ ಸ್ವಾಮಿ. ಕಡಿಯೋದಕ್ಕೆ ತೊಂದರೆ ಇಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಪಟ್ಟಿ ಇದೆ. ಸರ್ವೆ, ನೀಲಗಿರಿ ಜೊತೆ ಸಿಲ್ವರ್ ಓಕೂ ಅದರಲ್ಲಿದೆ. ಆದ್ರೆ ಆ ಮರದಲ್ಲಿ ತೇಗ, ಹೊನ್ನೆ ಥರ ಚೇಗು, ಅಂದ್ರೆ ನಡುವಿನ ಗಟ್ಟಿ ಭಾಗ, ಎಲ್ಲಿದೆ? ಹುಳ ಬೇಗ ಹತ್ತುತ್ತೆ. ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಸರಿ. ನಿಮ್ಮೂರ ಮಳೆಗೆ ಹೊರಗೋಡೆ ಮಾಡಿದರೆ ಗೆದ್ದಲು ಗೃಹಪ್ರವೇಶಕ್ಕೆ ಮೊದಲೇ ಬಂದು ಕೂತಿರುತ್ತೆ.

ಕೊಲರಾಡೊ ಕನ್ನಡಿಗ

ಮೇಸ್ತ್ರಿಗಳು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಇಲ್ಲಿ ಗಾಳಿ ಒಣ, ಮರ ಒದ್ದೆಯಾದರೂ ಬೇಗ ಆರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿಯಲ್ಲಿ ಬಟ್ಟೆಯೇ ಒಣಗಲ್ಲ, 14 ಇಂಚಿನ ದಿಮ್ಮಿ ಹೇಗೆ ಒಣಗಬೇಕು?

ಸಿರ್ಸಿಕಡೆಯವಳು

ತುಂಗಾ ತೀರದವರೇ, ನಾನೂ ಬೇಡ ಅನ್ನುತ್ತೇನೆ. ನಮ್ಮೂರಿನ ಕ್ರಮವೇ ನಿಮ್ಮೂರಿಗೆ ಸರಿ: ಎತ್ತರದ ಕಲ್ಲಿನ ಪಂಚಾಂಗ (ನೆಲಗಟ್ಟು), ಕಲ್ಲಿನ ಪೀಠದ ಮೇಲೆ ಕಂಬ, ಉದ್ದ ಸೂರು, ಮಾಡಿಗೆ ಹೆಂಚು. ದಿಮ್ಮಿಯ ಆಸೆ ಇದ್ದರೆ ಚಾವಡಿಯ ಒಳಗೆ, ಮಳೆ ತಾಗದ ಕಡೆ, ದುಂಡನೆ ಕಂಬ ತೊಲೆ ಹಾಗೇ ಬಿಟ್ಟು ಮಾಡಿಸಿ. ಹಳೇ ಮನೆ ಬಿಚ್ಚಿದ ಮರ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ, ಅದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ.

ತುಂಗಾ ತೀರ

ಆಯ್ತು, ಚಾವಡಿಗೆ ಇಳಿದೆ! ಪಕ್ಕದೂರಲ್ಲಿ ಒಂದು ಹಳೇ ಮನೆ ಬಿಚ್ಚುವವರಿದ್ದಾರೆ, ವಿಚಾರಿಸ್ತೇನೆ.

ಸಿರ್ಸಿಕಡೆಯವಳು · ಫೆಬ್ರವರಿ

ಡಿಸೆಂಬರಿನಲ್ಲಿ ಒಳಗೆ ಬಂದೆವು. ಒಲೆ ಹಚ್ಚಿದ ಮೇಲೆ ಮರ ಮಾತಾಡಲು ಶುರು ಮಾಡಿದೆ. ರಾತ್ರಿ ಇದ್ದಕ್ಕಿದ್ದಂತೆ ಟಪ್ ಅನ್ನುತ್ತದೆ. ಮೊದಲ ಸಲ ಅತ್ತೆಯವರು ಎದ್ದು ಕೂತರು. ಯಾವುದೋ ದಿಮ್ಮಿ ಬಿರಿಯುವ ಸದ್ದು ಅದು, ಹೆದರುವಂಥದ್ದೇನಲ್ಲ.

ಅಳತೆ ಹೀಗಿದೆ. ದಕ್ಷಿಣದ ಎರಡು ಮೂಲೆ ಒಂದೂವರೆ ಇಂಚು ಇಳಿದಿವೆ. ಉತ್ತರದ ಎರಡು ಒಂದೂಕಾಲಿಗೆ ಸ್ವಲ್ಪ ಕಡಿಮೆ. ದಕ್ಷಿಣಕ್ಕೆ ಬಿಸಿಲು ಬೀಳುತ್ತದೆ, ಒಲೆಯೂ ಆ ಕಡೆಗೇ ಇದೆ, ಬೇಗ ಒಣಗುತ್ತಿದೆ. ನಡುವಿನ ಕಂಬಗಳ ಜಾಕನ್ನು ಎರಡರ ಸರಾಸರಿಗೆ ಇಳಿಸಿದೆವು. ಕೆಲಸದವರು ಒಂದು ಸಲ ತೋರಿಸಿಕೊಟ್ಟರು, ಈಗ ನಾವೇ ಮಾಡುತ್ತೇವೆ. ಮನೆಯನ್ನು ಅವಸರದಲ್ಲಿ ಕಾಯಿಸಬಾರದು ಅಂತಲೂ ಹೇಳಿದ್ದಾರೆ. ಮೊದಲ ಚಳಿಗಾಲದಲ್ಲಿ ಒಳಗೆ ತೀರಾ ಬಿಸಿ ಮಾಡಿದರೆ ಹೊರಮೈ ಒಣಗಿ ಒಳಗೆ ಹಸಿ ಉಳಿದು ಬಿರುಕು ಜಾಸ್ತಿ ಆಗುತ್ತದೆ. ಮನೆಯೊಳಗೂ ಸ್ವೆಟರ್ ಹಾಕಿಕೊಂಡಿದ್ದೇವೆ.

ಬಚ್ಚಲ ಕಡೆಯ ಅಡ್ಡಗೋಡೆಯ ಮೇಲಿನ ಸಂದು ಒಂದು ಕಡೆ ಮಾತ್ರ ಕಿರಿದಾಗುತ್ತಿತ್ತು. ಮುಚ್ಚುವ ಮುಂಚಿನ ಫೋಟೊ ತೆಗೆದು ನೋಡಿದರೆ, ಒಂದು ನೀರಿನ ಪೈಪಿನ ಕ್ಲಾಂಪು ಮೇಲಿನ ತೊಲೆಗೂ ಗೋಡೆಗೂ ಸೇರಿ ಬಿಗಿದಿದೆ. ಟೇಪ್ ಹಿಡಿದು ತೆಗೆದಿದ್ದರಿಂದ ಮೂಲೆಯಿಂದ ಎಷ್ಟು ದೂರ ಅಂತ ಸರಿಯಾಗಿ ಗೊತ್ತಾಯಿತು. ಅಂಗೈ ಅಗಲದ ತೂತು ಮಾಡಿ ಕ್ಲಾಂಪು ಬಿಚ್ಚಿದರು, ಅಷ್ಟೇ. ಕೊಲರಾಡೊದವರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ.

ಕೊಲರಾಡೊ ಕನ್ನಡಿಗ

ಕಾಫಿ ಕುಡಿಯೋಕೆ ಮೊಂಟಾನಾಕ್ಕೇ ಬರ್ತೀವಿ! ಬಣ್ಣದ ಲೇಪ ಯಾವಾಗ? ಬಿಸಿಲಿಗೆ ಮರ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಹಚ್ಚಿದರೆ ಹಿಡಿಯಲ್ಲ.

ಸಿರ್ಸಿಕಡೆಯವಳು

ಮೊದಲ ಸುತ್ತು ಮಾಡು ಹಾಕಿದ ಕೂಡಲೇ ಆಗಿದೆ. ದಕ್ಷಿಣ, ಪಶ್ಚಿಮಕ್ಕೆ ಮೂರು ವರ್ಷಕ್ಕೊಮ್ಮೆ ನೋಡಿ ಹಚ್ಚಬೇಕಂತೆ. ಉಳಿದೆರಡು ಬದಿಗೆ ಐದು ವರ್ಷ ನಡೆಯಬಹುದು. ಮುಂದಿನ ಅಳತೆ ಮೇ ತಿಂಗಳಿಗೆ, ಹಿಮ ಕರಗಿದ ಮೇಲೆ ಗೂಟಗಳು ಸಿಕ್ಕರೆ!

ಹಾಸನದ ಮೇಸ್ತ್ರಿ

ಅಕ್ಕ, ಆ ಜಾಕಿನ ಫೋಟೊ ಹತ್ತಿರದಿಂದ ತೆಗೆದು ಒಂದು ಕಳಿಸಿ. ಬೋಲ್ಟು ಎಷ್ಟು ಸೂತದ್ದು (8 ಸೂತು ಅಂದ್ರೆ ಒಂದು ಇಂಚು), ಫಲಕ ಎಷ್ಟು ದಪ್ಪ ಅನ್ನೋದೂ ಬರೀರಿ. ಇಲ್ಲಿ ಒಬ್ಬರ ಹಳೇ ತೊಟ್ಟಿ ಮನೆಯಲ್ಲಿ ಒಂದು ಕಂಬ ಕೂತಿದೆ, ಎತ್ತಿ ಕೂರಿಸೋಕೆ ಅದೇ ಥರದ್ದು ಲೇತಿನಲ್ಲಿ ಮಾಡಿಸೋಣ ಅಂತ.

ಸಿರ್ಸಿಕಡೆಯವಳು

ಬೋಲ್ಟು 10 ಸೂತು, ಫಲಕ 4 ಸೂತು. ಪೆಟ್ಟಿಗೆ ಬಿಚ್ಚಿ ಶನಿವಾರ ಫೋಟೊ ಹಾಕುತ್ತೇನೆ. ನಟ್ಟಿನ ಕೆಳಗೆ ವಾಷರ್ ಮರೆಯಬೇಡಿ, ಇಲ್ಲದಿದ್ದರೆ ಭಾರ ಬಿದ್ದಾಗ ತಿರುಗುವುದೇ ಇಲ್ಲ.